ಫೋರ್‌ವೀಲ್ ಜೀಪಿಗೆ ಸ್ಕ್ಯಾನರ್ ಕೊಳ್ಳುವ ಮುನ್ನ

(ಹಾಲು ಉತ್ಪಾದಕರ ಸಂಘಗಳ ಪ್ರಾದೇಶಿಕ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ದನದ ಡಾಕ್ಟರು ಜೀಪಿನ ವಿಷಯ ಮಾತನಾಡಲು ನಿಂತದ್ದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಆದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಒಳಹಳ್ಳಿಗಳಲ್ಲಿ ಮಳೆಗಾಲದಲ್ಲಿ ಹಾಲಿನ ಕ್ಯಾನು ರಸ್ತೆ ಸೇರುವುದೂ, ಡಾಕ್ಟರು ಕೊಟ್ಟಿಗೆ ಸೇರುವುದೂ ಫೋರ್‌ವೀಲ್ ಜೀಪಿನಿಂದಲೇ. ಜೀಪು ನಿಂತರೆ ಹಾಲು ಒಡೆಯುತ್ತದೆ, ಕಷ್ಟದಲ್ಲಿರುವ ಹಸು ಕಾಯಬೇಕಾಗುತ್ತದೆ. ಆದ್ದರಿಂದ ಇದು ನಮ್ಮ ವಿಷಯವೇ.

ಇತ್ತೀಚೆಗೆ ಹೋದ ಸಂಘದಲ್ಲೆಲ್ಲ ಒಂದೇ ಪ್ರಶ್ನೆ: "ಡಾಕ್ಟ್ರೇ, ಎಂಜಿನ್ ಲೈಟು ಹತ್ತಿದರೆ ಏನಾಗಿದೆ ಅಂತ ಹೇಳುವ ಸ್ಕ್ಯಾನರ್ ಬಂದಿದೆಯಂತೆ, ಯಾವುದು ತಗೊಳ್ಳೋದು?" ಇದಕ್ಕೆ ನನಗೆ ತಿಳಿದಷ್ಟು ಉತ್ತರವನ್ನು ಇಂದು ಹೇಳುತ್ತೇನೆ.

ಕೆಚ್ಚಲು ಬಾವು ಪತ್ತೆಗೆ ನಾವು ಬಳಸುವ ಸಿ.ಎಂ.ಟಿ. ಪರೀಕ್ಷೆ ನಿಮಗೆಲ್ಲ ಗೊತ್ತು. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಕರೆದು ದ್ರಾವಣ ಹಾಕಿ ಆಡಿಸಿದರೆ, ಬಾವು ಇರುವ ಮೊಲೆಯ ಹಾಲು ಲೋಳೆಯಾಗುತ್ತದೆ. ತೊಂದರೆ ಯಾವ ಮೊಲೆಯಲ್ಲಿದೆ ಎಂದು ಅದು ಹೇಳುತ್ತದೆ. ಯಾವ ರೋಗಾಣು, ಯಾವ ಔಷಧಿ ಎಂದು ಹೇಳುವುದಿಲ್ಲ. ಸ್ಕ್ಯಾನರ್ ಕೂಡ ಅಷ್ಟೇ. ವಾಹನದ ಕಂಪ್ಯೂಟರ್ ಬರೆದಿಟ್ಟ ದೋಷಸಂಖ್ಯೆಯನ್ನು ಅದು ಓದಿ ತೋರಿಸುತ್ತದೆ. ಕಾರಣ ಹುಡುಕುವುದು ನಮ್ಮ ಕೆಲಸ, ಮೆಕ್ಯಾನಿಕ್ಕಿನ ಕೆಲಸ.

ಇದನ್ನು ಮರೆತು ನಾನೇ ಒಮ್ಮೆ ಪಾಠ ಕಲಿತೆ. ನನ್ನ ಜೀಪಿನ ಎಂಜಿನ್ ದೀಪ ಹತ್ತಿತು. ಅಗ್ಗದ ಸ್ಕ್ಯಾನರ್ ಒಂದನ್ನು ಸಿಕ್ಕಿಸಿ ನೋಡಿದೆ. ಪಿ 0087 ಎಂದು ಬಂತು. ಅದೇನೆಂದು ವಿಚಾರಿಸದೆ ಅಳಿಸುವ ಗುಂಡಿ ಒತ್ತಿದೆ. ದೀಪ ಆರಿತು. ಮತ್ತೆ ಹತ್ತಿತು, ಮತ್ತೆ ಅಳಿಸಿದೆ. ಹೀಗೆ ಮೂರು ಸಲ. ಜುಲೈ ತಿಂಗಳ ಒಂದು ರಾತ್ರಿ ಕರು ಅಡ್ಡ ಸಿಕ್ಕಿಕೊಂಡಿದೆಯೆಂದು ಫೋನು ಬಂತು. ಏರುದಾರಿಯ ಕೆಸರಿನಲ್ಲಿ ಎಂಜಿನ್ ಶಕ್ತಿ ತಗ್ಗಿಸಿಕೊಂಡಿತು, ಎಷ್ಟು ತುಳಿದರೂ ಜೀಪು ಏರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಹೋದೆ. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣುಕರು. ಆ ಮನೆಯ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಪಿ 0087 ಎಂದರೆ ಎಂಜಿನ್ನಿಗೆ ಹೋಗುವ ಡೀಸೆಲ್‌ನ ಒತ್ತಡ ಕಡಿಮೆ ಎಂದು ಅರ್ಥ. ಮರುದಿನ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿತ್ತು. ಸ್ಕ್ಯಾನರ್ ಸರಿಯಾಗಿಯೇ ಹೇಳಿತ್ತು. ಕೇಳಿಸಿಕೊಳ್ಳದವನು ನಾನು.

ಇನ್ನು ಆಯ್ಕೆಯ ವಿಷಯಕ್ಕೆ ಬರೋಣ.

ಮೊದಲನೆಯದಾಗಿ, ನಿಮ್ಮ ಜೀಪಿಗೆ ಸ್ಕ್ಯಾನರ್ ಬೇಕೇ ಎಂದು ನೋಡಿ. ಎಂ.ಎಂ. 540, ಕಮಾಂಡರ್, ಮೇಜರ್ ಮಾದರಿಯ ಹಳೆಯ ಡೀಸೆಲ್ ಜೀಪುಗಳಲ್ಲಿ ಕಂಪ್ಯೂಟರೇ ಇಲ್ಲ. ಅವುಗಳಿಗೆ ಸ್ಕ್ಯಾನರ್ ಕೊಳ್ಳುವುದು ದಂಡ. ಬಿ.ಎಸ್. 4 ನಿಯಮ 2010ರಲ್ಲಿ ಬೆಂಗಳೂರಿನಂತಹ ಆಯ್ದ ನಗರಗಳಿಗೆ ಮೊದಲು ಬಂದು, ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್ 1ರಿಂದ. ಆದ್ದರಿಂದ ಒಂದೇ ವರ್ಷದ ಎರಡು ಜೀಪುಗಳಲ್ಲಿ ಒಂದಕ್ಕೆ ಈ ವ್ಯವಸ್ಥೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ವರ್ಷ ನಂಬಬೇಡಿ, ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ. ಎರಡು ಸಾಲಿನಲ್ಲಿ 16 ತೂತುಗಳ ಸಾಕೆಟ್ ಇರಬೇಕು. ಅದರ 6 ಮತ್ತು 14ನೇ ತೂತಿನಲ್ಲಿ ಲೋಹದ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಸಿ.ಎ.ಎನ್. ಪದ್ಧತಿ. ಇದು ಹಾಲಿನ ಕ್ಯಾನ್ ಅಲ್ಲ, ವಾಹನದ ಕಂಪ್ಯೂಟರುಗಳು ಮಾತಾಡಿಕೊಳ್ಳುವ ತಂತಿ! ಆ ಎರಡು ಖಾಲಿಯಿದ್ದು 7ರಲ್ಲಿ ಪಿನ್ ಇದ್ದರೆ ಹಳೆಯ ಕೆ-ಲೈನ್ ಪದ್ಧತಿ. ನೀವು ಕೊಳ್ಳುವ ಸ್ಕ್ಯಾನರ್ ನಿಮ್ಮ ಜೀಪಿನ ಪದ್ಧತಿಯನ್ನು ಓದುತ್ತದೆಯೇ ಎಂದು ಅಂಗಡಿಯಲ್ಲೇ ಸಿಕ್ಕಿಸಿ ನೋಡಿ.

ಎರಡನೆಯದಾಗಿ, ಫೋರ್‌ವೀಲ್ ಭಾಗವನ್ನು ಅದು ಓದುತ್ತದೆಯೇ ಎಂದು ಕೇಳಿ. ಬಹಳ ಜನ ಮೋಸಹೋಗುವುದು ಇಲ್ಲೇ. ದೋಷಸಂಖ್ಯೆಗಳಲ್ಲಿ ನಾಲ್ಕು ಗುಂಪು: ಪಿ ಎಂದರೆ ಎಂಜಿನ್ ಮತ್ತು ಗೇರು, ಸಿ ಎಂದರೆ ಬ್ರೇಕು ಮುಂತಾದ ಚಾಸಿ ಭಾಗ, ಬಿ ಎಂದರೆ ಬಾಡಿ, ಯು ಎಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ. ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಹೊಗೆಗೆ ಸಂಬಂಧಿಸಿದ ಎಂಜಿನ್ ದೋಷಗಳನ್ನಷ್ಟೇ ಓದುತ್ತದೆ. ಎ.ಬಿ.ಎಸ್. ದೀಪ, ಫೋರ್‌ವೀಲ್ ದೀಪ ಹತ್ತಿ ಮಿನುಗುತ್ತಿದ್ದರೂ "ದೋಷವಿಲ್ಲ" ಎಂದು ತೋರಿಸಬಹುದು. ಗುಂಡಿ ತಿರುಗಿಸಿ ಫೋರ್‌ವೀಲ್ ಹಾಕುವ ವಾಹನ ನಿಮ್ಮದಾದರೆ, ನಿಮ್ಮ ಮಾದರಿಯ ಟ್ರಾನ್ಸ್‌ಫರ್ ಕೇಸ್ ಮತ್ತು ಎ.ಬಿ.ಎಸ್. ಎರಡನ್ನೂ ಓದುವ ಉಪಕರಣವೇ ಬೇಕು. ಕೈಯಲ್ಲಿ ಲಿವರ್ ಎಳೆಯುವ ಜೀಪಾದರೆ ಫೋರ್‌ವೀಲ್ ಭಾಗಕ್ಕೆ ಸ್ಕ್ಯಾನರಿನಿಂದ ಹೆಚ್ಚು ಉಪಯೋಗವಿಲ್ಲ. ಎಣ್ಣೆ ಸೋರಿಕೆ, ಶಬ್ದ, ಟೈರಿನ ಸವೆತ ಇವನ್ನು ಕಣ್ಣು ಕಿವಿಯಿಂದಲೇ ನೋಡಬೇಕು. ಎರಡು ಟೈರು ಹೊಸದು, ಎರಡು ಪೂರಾ ಸವೆದದ್ದು ಹಾಕಿದರೆ ಚಕ್ರದ ವೇಗದ ಲೆಕ್ಕ ತಪ್ಪಿ ಎ.ಬಿ.ಎಸ್. ದೀಪ ಹತ್ತಬಹುದೆಂಬುದೂ ನೆನಪಿರಲಿ.

ಮೂರನೆಯದಾಗಿ, ನಮ್ಮ ಕಡೆ ಫೋನಿಗೆ ಸಿಗ್ನಲ್ ಇಲ್ಲದ ಜಾಗವೇ ಹೆಚ್ಚು. ಬ್ಲೂಟೂತ್‌ನಿಂದ ಫೋನಿಗೆ ಸೇರುವ ಸಣ್ಣ ಉಪಕರಣ ಅಗ್ಗ. ಆದರೆ ಅದರ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಇಲ್ಲವಾದರೆ ತನ್ನದೇ ಪರದೆ ಇರುವ ಸ್ಕ್ಯಾನರ್ ಮೇಲು. ಇ.ಎಲ್.ಎಂ. 327 ಎಂಬ ಹೆಸರಿನ ಅಗ್ಗದ ಡಬ್ಬಿಗಳು ಎಲ್ಲೆಡೆ ಸಿಗುತ್ತವೆ. ಆ ಚಿಪ್ಪನ್ನು ರೂಪಿಸಿದ ಕೆನಡಾದ ಕಂಪನಿ 2022ರಲ್ಲಿ ಮುಚ್ಚಿತು, ಮಾರುಕಟ್ಟೆಯಲ್ಲಿರುವವು ಬಹುಪಾಲು ನಕಲುಗಳು. ಎಲ್ಲ ನಕಲೂ ಕೆಟ್ಟದ್ದಲ್ಲ, ಆದರೆ ಡಬ್ಬಿಯ ಮೇಲಿನ ಆವೃತ್ತಿ ಸಂಖ್ಯೆಯನ್ನು ನಂಬಿ ಕೊಳ್ಳಬೇಡಿ.

ನಾಲ್ಕನೆಯದು, 2020ರ ಏಪ್ರಿಲ್ ನಂತರದ ಬಿ.ಎಸ್. 6 ಡೀಸೆಲ್ ವಾಹನ ಇರುವವರಿಗೆ. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜರಡಿ ಇದೆ. ಸಂಘದಿಂದ ಸಂಘಕ್ಕೆ ನಿಂತು ನಿಂತು ಹೋಗುವ ಹಾಲಿನ ವಾಹನದಲ್ಲಿ ಎಂಜಿನ್ ಸಾಕಷ್ಟು ಕಾಯದೆ ಮಸಿ ಬೇಗ ತುಂಬುತ್ತದೆ. ಮಸಿಯ ಪ್ರಮಾಣ ತೋರಿಸುವ ಸ್ಕ್ಯಾನರ್ ಇದ್ದರೆ, ದೀಪ ಹತ್ತುವ ಮೊದಲೇ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ಮಸಿ ಸುಡಿಸಬಹುದು. ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ಬಲವಂತವಾಗಿ ಸುಡಿಸುವ ಕೆಲಸವನ್ನು ಮಾತ್ರ ಬಲ್ಲವರಿಗೆ ಬಿಡಿ. ಆಗ ಹೊಗೆಕೊಳವೆ ವಿಪರೀತ ಕಾಯುತ್ತದೆ. ಹುಲ್ಲಿನ ಬಣವೆ ಪಕ್ಕ, ಕೊಟ್ಟಿಗೆ ಪಕ್ಕ ಖಂಡಿತ ಮಾಡಬೇಡಿ.

ಕೊಂಡ ಮೇಲೆ ಮೂರು ನಿಯಮ ಪಾಲಿಸಿ. ಒಂದು, ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ತಾರೀಖಿನೊಡನೆ ಬರೆಯದೆ ಅಳಿಸಬೇಡಿ. ಅಳಿಸಿದರೆ ದೋಷ ಬಂದ ಕ್ಷಣದಲ್ಲಿ ಕಂಪ್ಯೂಟರ್ ಬರೆದಿಟ್ಟ ವೇಗ, ಬಿಸಿ ಮುಂತಾದ ವಿವರವೂ ಹೋಗುತ್ತದೆ, ಮೆಕ್ಯಾನಿಕ್ಕಿಗೆ ಕೈಕಟ್ಟಿದಂತಾಗುತ್ತದೆ. ಬ್ಯಾಟರಿ ತಂತಿ ಬಿಚ್ಚಿದರೂ ಬಹುಪಾಲು ಹೀಗೆಯೇ. ಎರಡು, ಸಂಖ್ಯೆ ನೋಡಿದ ಕೂಡಲೇ ಬಿಡಿಭಾಗ ಕೊಳ್ಳಬೇಡಿ. ಮೊದಲು ಫಿಲ್ಟರ್, ತಂತಿ, ಇಲಿ ಕಡಿದ ಜಾಗ ನೋಡಿ. ಮೂರು, ಕೆಲಸ ಮುಗಿದ ಮೇಲೆ ಉಪಕರಣ ಕಿತ್ತಿಡಿ. ಸಾಕೆಟ್ಟಿನ 16ನೇ ಪಿನ್ನಿಗೆ ಬೀಗದ ಕೈ ತೆಗೆದರೂ ಬ್ಯಾಟರಿ ಸಂಪರ್ಕ ಇರುತ್ತದೆ. ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ಇಳಿಯಬಹುದು.

ಕೊನೆಯದಾಗಿ ಒಂದು ಸಹಕಾರಿ ಮಾತು. ಎಲ್ಲ ಭಾಗ ಓದುವ ಒಳ್ಳೆಯ ಸ್ಕ್ಯಾನರ್ ಒಬ್ಬರಿಗೆ ದುಬಾರಿ. ಹತ್ತು ಜನ ಜೀಪಿನವರು ಸೇರಿ ಒಂದು ಕೊಂಡು ಸಂಘದ ಬೀರುವಿನಲ್ಲಿ ಇಟ್ಟರೆ ಎಲ್ಲರಿಗೂ ಆಯಿತು. ಹತ್ತು ಅಗ್ಗದ ಡಬ್ಬಿಗಿಂತ ಅದು ಮೇಲು. ಹಾಲಿನಲ್ಲಿ ನಾವು ಕಲಿತದ್ದೂ ಇದನ್ನೇ ಅಲ್ಲವೇ?

ಹಸುವಿನ ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರಬೇಕು. 105 ತೋರಿಸಿದರೆ ನೀವು ಥರ್ಮಾಮೀಟರ್ ಝಾಡಿಸಿ ಒಳಗಿಟ್ಟು ಮಲಗುವುದಿಲ್ಲ, ನನಗೆ ಫೋನು ಮಾಡುತ್ತೀರಿ. ಜೀಪಿನ ದೀಪ ಹತ್ತಿದಾಗಲೂ ಹಾಗೆಯೇ ಮಾಡಿ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ ಪರೀಕ್ಷಿಸಿಕೊಳ್ಳಿ. ನೀವು ಕರೆದ ರಾತ್ರಿ ನಾನೂ ನಡೆದು ಬರುವಂತಾಗದಿರಲಿ.