‘ರಾವ್’ ಎಂಬ ಹೆಸರು

 

ನಮ್ಮಲ್ಲಿ ಅನೇಕರ ಮನೆಯ ಬಾಗಿಲ ಫಲಕದಲ್ಲಿ ‘ರಾವ್’ ಎಂಬ ಹೆಸರಿದೆ. ಅದರ ಕುರಿತು ನಾಲ್ಕು ಮಾತುಗಳನ್ನು ನಿವೇದಿಸಬಯಸುತ್ತೇನೆ.

ಸಂಸ್ಕೃತದ ‘ರಾಜ’ ಶಬ್ದವೇ ಪ್ರಾಕೃತದಲ್ಲಿ ‘ರಾಯ’ವಾಗಿ, ಮುಂದೆ ಕನ್ನಡ, ತೆಲುಗು, ಮರಾಠಿಗಳಲ್ಲಿ ‘ರಾವ್’ ಎಂದೂ, ವಂಗದೇಶದಲ್ಲಿ ‘ರಾಯ್’ ಎಂದೂ ನೆಲೆಗೊಂಡಿತು. ಮೂಲದಲ್ಲಿ ಅದು ಮನೆತನದ ಹೆಸರಲ್ಲ, ಗೌರವವಾಚಕ. ಶ್ರೀರಾಘವೇಂದ್ರತೀರ್ಥರನ್ನು ನಾವು ‘ರಾಯರು’ ಎಂದು ಕರೆಯುವುದೂ ಗೌರವದಿಂದಲೇ. ರಾಜಾ ರಾಮಮೋಹನ ರಾಯರ ಪೂರ್ವಿಕರು ಬಂದ್ಯೋಪಾಧ್ಯಾಯರು. ನವಾಬರ ಸೇವೆಯಿಂದ ದೊರೆತ ಬಿರುದು ‘ರಾಯ್’. ಬ್ರಿಟಿಷರು ದಕ್ಷಿಣದಲ್ಲಿ ‘ರಾವ್ ಬಹದ್ದೂರ್’ ಎಂದೂ ಬಂಗಾಳದಲ್ಲಿ ‘ರಾಯ್ ಬಹದ್ದೂರ್’ ಎಂದೂ ನೀಡಿದ್ದು ಒಂದೇ ಬಿರುದನ್ನು. ಆದುದರಿಂದ ‘ರಾವ್’ ಯಾವ ಒಂದು ಜಾತಿಯ ಅಥವಾ ಪ್ರಾಂತದ ಸೊತ್ತೂ ಅಲ್ಲ.

ಈ ಹೆಸರನ್ನು ಹೊತ್ತು ಇದೇ ಮಹಾನಗರಕ್ಕೆ ಬಂದ ಇಬ್ಬರನ್ನು ಸ್ಮರಿಸೋಣ. ದಕ್ಷಿಣ ಕನ್ನಡ ಮೂಲದ ಬಿ. ಎನ್. ರಾವ್ (1887–1953) ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳಕ್ಕೆ ಬಂದು, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಹೂವಿನಹಡಗಲಿಯ ತೆಲುಗು ಕುಟುಂಬದಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ 1941ರಲ್ಲಿ ಇಲ್ಲಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಒಂದು ಲೇಖನದಿಂದ ‘ಕ್ರಾಮರ್–ರಾವ್’ ಸೂತ್ರವು ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು. 2023ರಲ್ಲಿ, 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಇವರನ್ನು ಬೇರೆಬೇರೆಯಾಗಿ ಗುರುತಿಸುವುದು ‘ರಾವ್’ ಅಲ್ಲ, ಅದರ ಹಿಂದಿನ ಅಕ್ಷರಗಳು. ‘ಬಿ’ ಎಂದರೆ ಬೆನಗಲ್. ‘ಸಿ’ ಎಂದರೆ ಕಲ್ಯಂಪುಡಿ. ಆರ್ಯಭಟ ಉಪಗ್ರಹದ ಯು. ಆರ್. ರಾವ್ ಅವರ ‘ಯು’ ಉಡುಪಿ, ಭಾರತರತ್ನ ಸಿ. ಎನ್. ಆರ್. ರಾವ್ ಅವರ ‘ಸಿ’ ಚಿಂತಾಮಣಿ. ರೈಲ್ವೆಯ ಹಾಜರಿ ಪುಸ್ತಕದಲ್ಲಿಯೂ ಕನ್ನಡ, ತೆಲುಗು, ಮರಾಠಿ ರಾವ್‌ಗಳು ಒಟ್ಟಿಗೆ ಬಂದಾಗ ನಮಗೆ ಇನಿಷಿಯಲ್ಲೇ ಆಧಾರವಾಗಿತ್ತು.

ಇಂದು ಅರ್ಜಿಗಳ ‘ಸರ್‌ನೇಮ್’ ಕಾಲಂನಲ್ಲಿ ‘ರಾವ್’ ಮಾತ್ರ ಉಳಿದು, ಊರು ಮತ್ತು ತಂದೆಯ ಹೆಸರು ಉದುರಿಹೋಗುತ್ತಿವೆ. ಬಿರುದು ಉಳಿಯಿತು, ಬೇರು ಹೋಯಿತು. ಶ್ರಾದ್ಧದಲ್ಲಿ ಮೂರು ತಲೆಮಾರಿನವರ ಹೆಸರು, ಗೋತ್ರಗಳನ್ನು ಹೇಳಬೇಕು. ಅಲ್ಲಿ ‘ರಾವ್’ ಎಂದರೆ ಸಾಲದು. ಮದುವೆಯಲ್ಲಿ ಹೆಸರು ಬದಲಾದ ಅಜ್ಜಿ, ಮುತ್ತಜ್ಜಿಯರ ನೆನಪಂತೂ ಇನ್ನೂ ಬೇಗ ಮಾಸುತ್ತದೆ.

ಆದುದರಿಂದ ನನ್ನ ವಿನಂತಿ ಇಷ್ಟೇ: ಪ್ರತಿ ಮನೆಯಲ್ಲಿಯೂ ಒಂದು ಪುಸ್ತಕವಿರಲಿ. ಮೂಲ ಊರು, ಗೋತ್ರ, ಎರಡೂ ಕಡೆಯ ಮೂರು ತಲೆಮಾರಿನ ಸ್ತ್ರೀಪುರುಷರ ಹೆಸರುಗಳನ್ನು ಹಿರಿಯರು ಇರುವಾಗಲೇ ಮಕ್ಕಳ ಕೈಯಿಂದ ಬರೆಸೋಣ.

ಶ್ರೀಕೃಷ್ಣಾರ್ಪಣಮಸ್ತು.