ಶರದೃತುವಿನಲ್ಲಿ ಕುಂಬಳಕಾಯಿ: ಕೊಯ್ಲು, ಶೇಖರಣೆ, ಅಲಂಕಾರ ಮತ್ತು ಪಾಕ

(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮುಂಗಾರಿನಲ್ಲಿ ತಿಪ್ಪೆಯ ಬಳಿ ಊರಿದ ಕುಂಬಳದ ಬೀಜವು ಬಳ್ಳಿಯಾಗಿ ಹಬ್ಬಿ, ಆಶ್ವಯುಜ ಮಾಸದ ವೇಳೆಗೆ ಬಲಿತ ಕಾಯಿಗಳನ್ನು ಕೊಡುತ್ತದೆ. ಈ ಬೆಳೆಗೆ ಖರ್ಚು ಅತ್ಯಲ್ಪ. ಆದರೆ ಕೊಯ್ಲಿನಲ್ಲಿ ತೋರುವ ಅಲಕ್ಷ್ಯದಿಂದ, ಬೇಸಗೆಯವರೆಗೆ ಸಂಸಾರಕ್ಕೆ ಒದಗಬೇಕಾದ ಕಾಯಿಗಳು ಕಾರ್ತಿಕ ಮಾಸ ಮುಗಿಯುವುದರೊಳಗೆ ಕೊಳೆತು ಮರಳಿ ತಿಪ್ಪೆಗೆ ಸೇರುವುದುಂಟು. ಈ ನಷ್ಟವನ್ನು ತಪ್ಪಿಸುವ ಬಗೆಯೇ ಈ ಉಪನ್ಯಾಸದ ಮುಖ್ಯ ವಿಷಯ.

ಎರಡು ಜಾತಿಗಳು

ಬೂದುಗುಂಬಳವು ಏಷ್ಯಾ ಖಂಡದ ಪುರಾತನ ಬೆಳೆ. ಮಲೆನಾಡಿನಲ್ಲಿ ಚೀನೀಕಾಯಿ ಎನ್ನಿಸಿಕೊಳ್ಳುವ ಸಿಹಿಗುಂಬಳವಾದರೋ ಚೀನಾದೇಶದ್ದಲ್ಲ. ಅದರ ತೌರು ಅಮೆರಿಕಾ ಖಂಡ. 1492ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟಿದ ತರುವಾಯವೇ ಅದು ಇತರ ದೇಶಗಳಿಗೆ ಹರಡಿತು.

ಕೊಯ್ಲು ಮತ್ತು ಶೇಖರಣೆ

ಸಿಪ್ಪೆಗೆ ಉಗುರು ನಾಟದೆ, ತೊಟ್ಟು ಒಣಗಿ ಗಡುಸಾದಾಗ ಸಿಹಿಗುಂಬಳವು ಬಲಿತಿತೆಂದು ತಿಳಿಯತಕ್ಕದ್ದು. ಬೂದುಗುಂಬಳಕ್ಕೆ ಮೈತುಂಬ ಬೂದಿ ಏರುವುದೇ ಗುರುತು. ಕಾಯನ್ನು ತಿರುಚಿ ಕೀಳದೆ, ಎರಡು ಮೂರು ಅಂಗುಲ ತೊಟ್ಟು ಉಳಿಯುವಂತೆ ಕುಡುಗೋಲಿನಿಂದ ಕೊಯ್ಯಬೇಕು. ತೊಟ್ಟನ್ನೇ ಹಿಡಿದು ಎತ್ತಬಾರದು. ಅದು ಕಳಚಿದ ಜಾಗದಿಂದಲೇ ಕೊಳೆತವು ಒಳಹೊಗುತ್ತದೆ.

“ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ” ಎಂಬ ಗಾದೆಯನ್ನು ಅರಿಯದವರಿಲ್ಲ. ಕಳ್ಳನ ಹೆಗಲಿಗೆ ಅಂಟಿದ ಆ ಬೂದಿಯು ವಾಸ್ತವದಲ್ಲಿ ಒಂದು ಬಗೆಯ ಮೇಣ. ಒಳಗಿನ ನೀರು ಆರದಂತೆ ಅದು ಕಾಯನ್ನು ಕಾಪಾಡುತ್ತದೆ. ಆದಕಾರಣ ಶೇಖರಿಸುವ ಬೂದುಗುಂಬಳವನ್ನು ಒರಸಲೂ ಬಾರದು, ತೊಳೆಯಲೂ ಬಾರದು.

ಸಿಹಿಗುಂಬಳವನ್ನು ಸುಮಾರು ಹತ್ತು ದಿನ ಬೆಚ್ಚಗಿನ ಒಣ ಜಾಗದಲ್ಲಿಟ್ಟು ಸಿಪ್ಪೆಯನ್ನು ಗಟ್ಟಿಮಾಡಿಕೊಳ್ಳಬೇಕು. ತರುವಾಯ ಗಾಳಿಯಾಡುವ ಅಟ್ಟದಲ್ಲಿ ಹುಲ್ಲು ಹಾಸಿ, ಒಂದಕ್ಕೊಂದು ತಗಲದಂತೆ ಇಡಬೇಕು. ಕರಾವಳಿಯವರು ಸೌತೆಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ತೂಗುಹಾಕುವಂತೆ, ಇದನ್ನೂ ತೂಗುಹಾಕಬಹುದು. ವಾರಕ್ಕೊಮ್ಮೆ ನೋಡಿ, ಗಾಯವಾದುದನ್ನು ಮೊದಲು ಅಡಿಗೆಗೆ ತೆಗೆದುಕೊಳ್ಳತಕ್ಕದ್ದು. ಹೀಗೆ ಮಾಡಿದಲ್ಲಿ ಕಾಯಿಗಳು ಕೆಲವು ತಿಂಗಳು ಕೆಡದೆ ನಿಲ್ಲುತ್ತವೆ.

ನೊಣವು ಮೊಟ್ಟೆಯಿಟ್ಟು ಕೊಳೆತ ಎಳೆಗಾಯಿಗಳನ್ನು ಬಳ್ಳಿಯ ಬುಡದಲ್ಲಿಯೇ ಬಿಡಬಾರದು. ಅವುಗಳ ಹುಳುಗಳು ಮಣ್ಣಿಗಿಳಿದು ಮತ್ತೆ ನೊಣಗಳಾಗುತ್ತವೆ. ಅಂಥ ಕಾಯಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು. ಒಬ್ಬನು ಹೂಳಿ ನೆರೆಯವನು ಬಿಟ್ಟರೆ ಪ್ರಯೋಜನವಿಲ್ಲ. ಊರೆಲ್ಲ ಕೂಡಿಯೇ ಮಾಡಬೇಕಾದ ಕೆಲಸವಿದು.

ಅಲಂಕಾರ

ಐರ್ಲೆಂಡ್ ದೇಶದವರು ಅಕ್ಟೋಬರ್ 31ರ ರಾತ್ರಿ ಟರ್ನಿಪ್ ಗಡ್ಡೆಯಲ್ಲಿ ವಿಕಾರಮುಖವನ್ನು ಕೊರೆದು ದೀಪವಿಡುತ್ತಿದ್ದರು. 1845ರಲ್ಲಿ ಆರಂಭವಾದ ಮಹಾಕ್ಷಾಮದಿಂದ ಲಕ್ಷಾಂತರ ಜನರು ಅಲ್ಲಿಂದ ಅಮೆರಿಕಾಕ್ಕೆ ವಲಸೆ ಹೋದರು. ಅಲ್ಲಿ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳವು ಗಡ್ಡೆಯ ಸ್ಥಾನಕ್ಕೆ ಬಂದಿತು. ಮೇಲ್ಭಾಗವನ್ನು ಮುಚ್ಚಳದಂತೆ ಕತ್ತರಿಸಿ, ಬೀಜ ನಾರುಗಳನ್ನು ತೆಗೆದು, ಕಣ್ಣು ಮೂಗು ಬಾಯಿಗಳನ್ನು ಕೊರೆದು, ಒಳಗೆ ಮೇಣದಬತ್ತಿಯನ್ನು ಹಚ್ಚಿಡುವರು. ಕೊರೆದ ಕಾಯಿ ಒಂದು ವಾರದೊಳಗೆ ಬೂಷ್ಟು ಹಿಡಿದು ಕುಸಿಯುವುದರಿಂದ, ತಿನ್ನಬಹುದಾದ ಕಾಯಿಗಳು ಅಲ್ಲಿ ಹೇರಳವಾಗಿ ವ್ಯರ್ಥವಾಗುತ್ತವೆ.

ಕನ್ನಡ ನಾಡಿನಲ್ಲಿಯೂ ದೃಷ್ಟಿಪರಿಹಾರಕ್ಕಾಗಿ ಬೂದುಗುಂಬಳಕ್ಕೆ ಮುಖ ಬರೆದು ಬಾಗಿಲಿಗೆ ಕಟ್ಟುವ ವಾಡಿಕೆಯುಂಟು. ಬಣ್ಣ ಬಳಿಯುವುದರಿಂದ ಸಿಪ್ಪೆ ಒಡೆಯದಾದುದರಿಂದ ಆ ಕಾಯಿ ಬಹುಕಾಲ ನಿಲ್ಲುತ್ತದೆ. ಆದರೆ ಆಯುಧಪೂಜೆಯಂದು ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುವ ಕಾಯಿಯ ಲೋಳೆಯ ಮೇಲೆ ದ್ವಿಚಕ್ರವಾಹನಗಳು ಜಾರಿ ಸವಾರರು ಕೈಕಾಲು ಮುರಿದುಕೊಳ್ಳುವುದುಂಟು; ಪ್ರಾಣಾಪಾಯವೂ ಸಂಭವಿಸಬಹುದು. ಅಂಗಳದ ಮೂಲೆಯಲ್ಲಿ ಒಡೆದು, ಹೋಳುಗಳನ್ನು ಬುಟ್ಟಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಹಾಕಿದರೆ ಆಚಾರಕ್ಕೆ ಕುಂದಿಲ್ಲ, ದಾರಿಹೋಕರಿಗೆ ಅಪಾಯವಿಲ್ಲ.

ಪಾಕ

ಸಿಹಿಗುಂಬಳದ ಹಳದಿ ಬಣ್ಣವು ದೇಹದಲ್ಲಿ ‘ಎ’ ಜೀವಸತ್ವವಾಗಿ ಪರಿಣಮಿಸುತ್ತದೆ. ಈ ಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗುರುಡು ಬರುವುದು. ಕುಂಬಳದ ಬೀಜದ ತಿರುಳಿನಲ್ಲಿ ನೂರಕ್ಕೆ ಸುಮಾರು 30 ಪಾಲು ಸಸಾರಜನಕವೂ ಅರ್ಧದಷ್ಟು ಎಣ್ಣೆಯೂ ಇರುವುದರಿಂದ, ಬೀಜಗಳನ್ನು ಎಸೆಯದೆ ತೊಳೆದು ಒಣಗಿಸಿ ಹುರಿದು ತಿನ್ನುವುದು ಲೇಸು.

ಮಲೆನಾಡಿನವರು ಭೂಮಿಹುಣ್ಣಿಮೆಯಂದು ಪೈರಿಗೆ ಬಯಕೆಯೂಟ ಬಡಿಸುವ ವೇಳೆಗೆ ಮಾಡುವ ಚೀನೀಕಾಯಿ ಕಡುಬು ಎಲ್ಲ ಸೀಮೆಗಳಿಗೂ ಒಗ್ಗುವಂಥದು. ಎರಡು ಪಾಲು ಕುಂಬಳದ ತುರಿಗೆ ಒಂದು ಪಾಲು ಅಕ್ಕಿತರಿ, ಅರ್ಧ ಪಾಲು ಬೆಲ್ಲ, ಅರ್ಧ ಪಾಲು ತೆಂಗಿನತುರಿ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ ಕಲಸಬೇಕು. ತುರಿಯೇ ನೀರು ಬಿಡುವುದರಿಂದ ಬೇರೆ ನೀರು ಬೇಕಿಲ್ಲ. ಬಾಳೆಯೆಲೆಯಲ್ಲಿ ಮಡಿಚಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸತಕ್ಕದ್ದು. ಬೂದುಗುಂಬಳವು ಮಜ್ಜಿಗೆಹುಳಿಗೂ ಕಾಶಿಹಲ್ವಕ್ಕೂ ಯೋಗ್ಯ. ಕಾಯಿ ಹೆಚ್ಚಾಗಿ ಮಿಕ್ಕಲ್ಲಿ ಅರಳಿನೊಡನೆ ಸಂಡಿಗೆಯಿಟ್ಟು ಒಣಗಿಸಿದರೆ ವರ್ಷಕ್ಕೆ ಒದಗುತ್ತದೆ.

ಕಹಿಯಾದ ಕುಂಬಳವನ್ನು ಮಾತ್ರ ತಿನ್ನಬಾರದು. ಆ ಕಹಿಯು ವಿಷ, ಬೇಯಿಸಿದರೂ ಹೋಗುವುದಿಲ್ಲ. ಅದರ ಬೀಜವನ್ನು ಬಿತ್ತನೆಗೂ ಇಡಬಾರದು.

ಗ್ರಾಮದ ಮುಖಂಡರು ತಮ್ಮ ಅಟ್ಟಗಳಲ್ಲಿ ಮೊದಲು ಈ ಕ್ರಮವನ್ನು ಅನುಸರಿಸಿ ಊರವರಿಗೆ ತೋರಿಸಿಕೊಟ್ಟರೆ, ಈ ಶರತ್ಕಾಲದಲ್ಲಿ ಬೆಳೆದದ್ದು ಬೇಸಗೆಯಲ್ಲಿ ಮಕ್ಕಳ ಎಲೆಗೆ ಬೀಳುವುದರಲ್ಲಿ ಸಂದೇಹವಿಲ್ಲ.