ಸಲಿಗೆ ಎಂಬ ಅಪಾಯ



ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಮೊದಲ ದಿನ ಹೋದಾಗ ಗಂಧಕಾಮ್ಲದ ಸೀಸೆಯನ್ನು ಹೇಗೆ ಹಿಡಿದಿದ್ದಿರಿ, ನೆನಪಿದೆಯೇ? ಎರಡೂ ಕೈಗಳಿಂದ, ಉಸಿರು ಬಿಗಿಹಿಡಿದು. ವರ್ಷ ಕಳೆಯುವಷ್ಟರಲ್ಲಿ ಅದನ್ನೇ ಹರಟೆ ಹೊಡೆಯುತ್ತಾ ಒಂದು ಕೈಯಲ್ಲಿ ಎತ್ತುತ್ತೀರಿ. ಆಮ್ಲದ ಗುಣವೇನೂ ಬದಲಾಗಿರುವುದಿಲ್ಲ. ಬಿ.ಎಸ್ಸಿ. ಓದುವಾಗ ನನ್ನ ಅಂಗಿಗೆ ಬಿದ್ದ ತೂತುಗಳೆಲ್ಲ ಎರಡನೆಯ ವರ್ಷದವು.

ಕ್ರೈಸ್ತ ಸಭಾಪಾಲಕರ ಸೇವೆಯಲ್ಲಿಯೂ ಇಂಥದೊಂದು ಅಪಾಯವಿದೆ. ಹಣದ ಆಸೆ, ಹೊಗಳಿಕೆಯ ಹಂಬಲ ಯಾವ ವೃತ್ತಿಯಲ್ಲಾದರೂ ಇರುವಂಥವು. ಆದರೆ ದಿನವೂ ಪವಿತ್ರ ಗ್ರಂಥವನ್ನು ಬಿಚ್ಚುವವರಿಗೆ, ಮದುವೆ ಮನೆಗೂ ಸಾವಿನ ಮನೆಗೂ ಹೋಗಿ ದೇವರ ಹೆಸರು ಹೇಳುವವರಿಗೆ ಅಂಟಿಕೊಳ್ಳುವುದು ಸಲಿಗೆ. ನಮ್ಮ ದಾಸರು ದೇವರನ್ನೇ ಗದರಿಸಿ ಹಾಡಿದರು, ನಿಜ. ಅದು ಪ್ರೀತಿಯ ಸಲಿಗೆ. ನಾನು ಹೇಳುತ್ತಿರುವುದು ರೂಢಿಯಿಂದ ಬರುವ ಸಲಿಗೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಉಜ್ಜ ಎಂಬವನ ಕಥೆ ಬರುತ್ತದೆ. ಇಸ್ರಾಯೇಲರಿಗೆ ದೇವರ ಸಾನ್ನಿಧ್ಯದ ಗುರುತಾಗಿದ್ದ ಮಂಜೂಷ, ಅಂದರೆ ಚಿನ್ನದ ತಗಡು ಹೊದಿಸಿದ ಮರದ ಪೆಟ್ಟಿಗೆ, ಬಹುಕಾಲ ಅವನ ತಂದೆ ಅಬೀನಾದಾಬನ ಮನೆಯಲ್ಲಿತ್ತು. ಅದನ್ನು ಕೋಲುಗಳಿಂದ ಹೆಗಲ ಮೇಲೆ ಹೊರಬೇಕೆಂಬುದು ನಿಯಮ. ದಾವೀದ ಅರಸನ ಕಾಲದಲ್ಲಿ ಹೊಸ ಬಂಡಿಯಲ್ಲಿಟ್ಟು ಹೊರಟರು. ಕಣವೊಂದರ ಬಳಿ ಎತ್ತುಗಳು ಮುಗ್ಗರಿಸಿದವು. ಉಜ್ಜ ಕೈಚಾಚಿ ಮಂಜೂಷವನ್ನು ಹಿಡಿದ, ಅಲ್ಲಿಯೇ ಸತ್ತ.

ಇದೆಂಥ ನ್ಯಾಯ ಎನ್ನುತ್ತೀರಾ? ದಾವೀದನೇ ಸಿಟ್ಟಾದನಂತೆ. ನನಗೂ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಆದರೆ ಒಂದು ಅಂಶ ಗಮನಿಸಿ. ಅಷ್ಟು ದೊಡ್ಡ ಮೆರವಣಿಗೆಯಲ್ಲಿ ಕೈಚಾಚಿದವನು ಮಂಜೂಷವನ್ನು ಮನೆಯಲ್ಲೇ ಇಟ್ಟುಕೊಂಡಿದ್ದವರ ಮಗ.

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಿಚರ್ಡ್ ಬ್ಯಾಕ್ಸ್ಟರ್ (1615-1691) ಎಂಬ ಸಭಾಪಾಲಕರಿದ್ದರು. ನೇಕಾರರ ಊರಾದ ಕಿಡರ್‌ಮಿನ್‌ಸ್ಟರ್‌ನಲ್ಲಿ ಅವರ ಸೇವೆ. ಅಲ್ಲಿ 800ಕ್ಕೂ ಹೆಚ್ಚು ಕುಟುಂಬಗಳು. ಅವರೂ ಅವರ ಸಹಾಯಕರೂ ಪ್ರತಿ ಸೋಮವಾರ, ಮಂಗಳವಾರ ಕೂತು ವಾರಕ್ಕೆ 15-16 ಕುಟುಂಬಗಳೊಡನೆ ಮಾತನಾಡುತ್ತಿದ್ದರು. ಇಷ್ಟು ದುಡಿದವರು 1656ರಲ್ಲಿ ಪಾಲಕರಿಗೆಂದು ಬರೆದ ಪುಸ್ತಕದಲ್ಲಿ ಜನರ ತಪ್ಪುಗಳಿಗೆ ಮೊದಲ ಸ್ಥಾನ ಕೊಡಲಿಲ್ಲ. ಪಾಲಕರು ಮೊದಲು ತಮ್ಮನ್ನು ತಾವು ನೋಡಿಕೊಳ್ಳಬೇಕೆಂದರು. ಇತರರಿಗೆ ಅಡುಗೆ ಮಾಡುತ್ತಾ ತಾವೇ ಹಸಿದುಹೋದಾರು ಎಂಬುದು ಅವರ ಆತಂಕ.

ನಮ್ಮ ಕಾರ್ಯಕ್ರಮವೊಂದರ ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ ಕಾರ್ಯಕ್ರಮಕ್ಕಾಗಿ ಹಿರಿಯ ಸಭಾಪಾಲಕರೊಬ್ಬರ ಪ್ರಾರ್ಥನೆಯನ್ನು ಚಿತ್ರೀಕರಿಸುತ್ತಿದ್ದೆವು. ಅವರ ನಿಲುವಂಗಿ ಮೈಕಿಗೆ ಉಜ್ಜಿ ಸದ್ದಾಯಿತು. "ಅಯ್ಯನವರೇ, ದಯವಿಟ್ಟು ಇನ್ನೊಮ್ಮೆ ಪ್ರಾರ್ಥಿಸಿ" ಎಂದೆ.

ಅವರು ಕಣ್ಣುಬಿಟ್ಟು ನಕ್ಕರು. "ದೇವರಿಗೆ ಹೇಳಬೇಕಾದ್ದನ್ನು ಹೇಳಿ ಆಯಿತಪ್ಪಾ. ಈಗ ಹೇಳಿದರೆ ನಿಮ್ಮ ಯಂತ್ರಕ್ಕೆ ಹೇಳಿದ ಹಾಗಾಗುತ್ತದೆ." ಸ್ವಲ್ಪ ತಡೆದು ಮೆಲ್ಲನೆ ಅಂದರು: "ನಲವತ್ತು ವರ್ಷದಲ್ಲಿ ಎಷ್ಟು ಸಲ ಯಂತ್ರಕ್ಕೆ ಹೇಳಿದ್ದೇನೋ! ನನಗಿರುವ ಭಯ ಅದೊಂದೇ."

ನನಗೆ ಒಳಗೊಳಗೇ ಕೋಪ ಬಂದಿತ್ತು. ಸಂಜೆ ಸಂಕಲನದ ಕೋಣೆಯಲ್ಲಿ ಟೇಪು ಹಾಕಿದೆ. ಬೆಳಗ್ಗೆ ನಾನು ಕೇಳಿದ್ದು ಧ್ವನಿಯ ಮಟ್ಟವನ್ನು ಮಾತ್ರ. ಮಾತುಗಳನ್ನು ಕೇಳಿದ್ದು ಆಗಲೇ. ದೀಪ ಹಿಡಿದು ನಿಂತಿದ್ದ ನಮ್ಮ ಹುಡುಗನ ತಾಯಿ ಆಸ್ಪತ್ರೆಯಲ್ಲಿದ್ದರು. ಅಯ್ಯನವರು ಆಕೆಗಾಗಿಯೂ ಬೇಡಿಕೊಂಡಿದ್ದರು. ಆಕೆಗೆ ಕಾಯಿಲೆಯೆಂಬುದು ನನಗೆ ಗೊತ್ತಿರಲಿಲ್ಲ.

ಮೈಕಿನ ಸದ್ದಿನೊಡನೆಯೇ ಅದು ಪ್ರಸಾರವಾಯಿತು.